ಕಡಗೋಲು ಈಗ ನನ್ನ ಕೈಲಿ

ತಂಗೀ,

ಬೆಟ್ಟದ ಹುಲ್ಲುಗಾವಲಿಗೆ ಬಂದ ದಿನವೇ ಎಡವಟ್ಟು ಮಾಡಿಕೊಂಡೆ. ಕುದುರೆ ಹಾಲು ಹುಳಿ ಬರಿಸಿ ಮಾಡೋ ಕುಮಿಸ್ ಕುಡಿದು, ಬಾಗಿಲ ಪಕ್ಕ ಅದನ್ನು ತುಂಬಿಟ್ಟ ತೊಗಲು ಚೀಲವನ್ನು ನಾಲ್ಕು ಸಲ ಕಡೆಯದೆ ಹಾಗೇ ಎದ್ದುಬಿಟ್ಟೆ. ಕುಡಿದವರು ಕಡೆದೇ ಏಳಬೇಕು ಅನ್ನೋದು ಇಲ್ಲಿನ ಪದ್ಧತಿಯಂತೆ. ನಾದಿನಿ ಬುರುಲ್ ಬಿಡ್ತಾಳಾ? "ಕುಡಿಯೋಕೆ ಬಾಯಿದೆ, ಕಡೆಯೋಕೆ ಕೈಯಿಲ್ವಾ, ಪೇಟೆ ಅತ್ತಿಗೆ?" ಅಂದಳು. ಅವತ್ತು ಹಿಡಿದ ಕಡಗೋಲು ಇನ್ನೂ ಬಿಟ್ಟಿಲ್ಲ. ನಿವೃತ್ತಿಯಾದ ಮೇಲೆ ಬೆಳಿಗ್ಗೆ ಯಾಕಾದರೂ ಏಳಬೇಕು ಅಂತ ಗೊಣಗುತ್ತಿದ್ದವಳು ಈಗ ಕುದುರೆಗಳಿಗಿಂತ ಮೊದಲು ಏಳ್ತೀನಿ.

ಇಲ್ಲಿ ಯಾರನ್ನೂ ಹೊಗಳದ ಮುದುಕ ಸಾದಿರ್ ಇವತ್ತು ನಾನು ಕಡೆದ ಕುಮಿಸ್ ಕುಡಿದವನೇ ಮತ್ತೆ ಬಟ್ಟಲು ಚಾಚಿ, "ಯಾರ ಕೈಯದ್ದು ಇದು?" ಅಂದ. "ಇನ್ಯಾರದ್ದು, ನಮ್ಮತ್ತಿಗೇದು!" ಅಂದಳು ಬುರುಲ್.

ರಟ್ಟೆ ನೋಯುತ್ತೆ, ಮುಲಾಮು ತಾ. ನನ್ನ ಕರ್ಕೊಂಡು ಹೋಗೋಕೆ ಗಾಡಿ ಕಳಿಸಬೇಡ, ನೀನೇ ಬಾ. ಕಡೆಯದೆ ಎದ್ದೀಯಾ, ನೋಡ್ಕೋತೀನಿ!

ನಿನ್ನಕ್ಕ ಜಿಪಾರ್