ಕರಿ ಸೋಯಾಕ್ಕೆ ರಜಾಯಿ

ಹೇರಾನ್ ಅಪ್ಪಾ,

ಗೊರಕೆ ಹೊಡೆಯುತ್ತಿದ್ದಿರಿ, ಎಬ್ಬಿಸಲಿಲ್ಲ. ನಿಮ್ಮ ಅಕ್ಕನನ್ನು ಪೇಟೆಯಲ್ಲಿ ವೊಂಜು ಊರಿನ ಬಸ್ಸು ಹತ್ತಿಸಿ ಬರುತ್ತೇನೆ. ಸಾರು ಒಲೆಯ ಮೇಲಿದೆ, ಕಿಮ್ಚಿ ಹಿತ್ತಲಿನ ಜಾಡಿಯಲ್ಲಿದೆ. ನಿಮ್ಮ ಗಿಡಗಳಿಗೆ ಬೆಳಕು ತಾಗಬಾರದೆಂದು ಕತ್ತಲಲ್ಲಿ ಉಂಡದ್ದು ಸಾಕು, ಇವತ್ತಿನಿಂದ ದೀಪ ಹಾಕಿಕೊಂಡೇ ಊಟ ಮಾಡೋಣ. ಅಡುಗೆಮನೆಯ ಬೆಳಕು ಹೊಲದವರೆಗೆ ಹೋಗುವುದಿಲ್ಲ.

ರಾತ್ರಿ ಅಕ್ಕ ಕೋಟು ಹಾಕಿಕೊಂಡೇ ಮಲಗಿದರು.

"ಅಲ್ಲ ಕಣೇ, ನನಗಿಂತ ಆ ಸೋಯಾ ಗಿಡಗಳಿಗೆ ಚಳಿ ಜಾಸ್ತಿನಾ?" ಅಂತ ಕೇಳಿದರು.

"ಚಳಿಗಲ್ಲ ಅಕ್ಕ. ರಾತ್ರಿ ಉದ್ದ ಆಯ್ತು ಅಂತ ಗಿಡ ನಂಬಿದ್ರೆ ಬೇಗ ಹೂ ಬಿಡತ್ತಂತೆ. ಅದಕ್ಕೇ ನಿಮ್ಮ ತಮ್ಮ ಹೊತ್ತು ಮುಳುಗೋ ಮೊದಲೇ ಮನೇಲಿರೋ ರಜಾಯಿನೆಲ್ಲಾ ಹೊದಿಸಿ ಮಲಗಿಸ್ತಾರೆ" ಅಂದೆ.

ಅವರು ನನ್ನ ಹಣೆ ಮುಟ್ಟಿ ನೋಡಿದರು.

ಎರಡನ್ನೂ ಒಂದೇ ದಿನ ಬಿತ್ತಿದೆವು. ನನ್ನ ಹಳದಿ ಸೋಯಾ ಸರಸರನೆ ಎದ್ದು ಆಗಲೇ ಕಾಯಿ ಕಟ್ಟಿದೆ. ನಿಮ್ಮ ಕರಿ ಸೋಯಾ ಬರೀ ಎಲೆ ಬಿಡುತ್ತಾ ಕೂತಿತ್ತು. ಅತ್ತೆ ಬಿಟ್ಟುಹೋದ ಬೀಜ ಅಷ್ಟೇ ಇದ್ದದ್ದು. ಹಿಮ ಬೀಳುವುದರೊಳಗೆ ಬಲಿಯದಿದ್ದರೆ ಆ ತಳಿಯೇ ಹೋಯಿತು ಅನ್ನುವುದು ನನಗೂ ಗೊತ್ತು. ಆದರೂ ಬೆಳಿಗ್ಗೆ ರಜಾಯಿಗಳನ್ನು ಎಳೆದುಕೊಂಡು ಬರೋಣ ಎಂದೇ ಸಿಟ್ಟಿನಲ್ಲಿ ಹೊಲಕ್ಕೆ ಹೋಗಿದ್ದೆ.

ಎತ್ತಿ ನೋಡಿದರೆ ಎಲೆಗಳ ಸಂದಿಯಲ್ಲಿ ಪುಟ್ಟ ಪುಟ್ಟ ನೇರಳೆ ಹೂ! ರಜಾಯಿ ಸಾಲದೆ ನೀವು ಬಿಟ್ಟ ಕೊನೆಯ ಸಾಲಿನಲ್ಲಿ ಮಾತ್ರ ಒಂದೂ ಇಲ್ಲ. ಬಾಗಿ ಹುಡುಕಿದೆ, ಪಾಪ ಅನ್ನಿಸಿತು.

ಪೇಟೆಯಿಂದ ಹೊಸ ರಜಾಯಿ ತರುತ್ತೇನೆ. ಅಕ್ಕ ನಮಗೆಂದು ತಿಳಿದುಕೊಂಡಿದ್ದಾರೆ, ಹಾಗೇ ಇರಲಿ. ಸಂಜೆ ನಾನು ಬರುವವರೆಗೆ ಕಾಯಿರಿ, ಆ ಸಾಲಿಗೆ ಇಬ್ಬರೂ ಸೇರಿ ಹೊದಿಸೋಣ.

ಹೇರಾನ್ ಅಮ್ಮ