ಟೈಟಲ್ ನೋಡಿ ಓಡುವ ಊರು

ಕಡಲಗೋಡೆ ಎದ್ದ ಮೇಲಿನ ತೊಂಬತ್ತೊಂದನೇ ವರ್ಷ, ಮೂರನೇ ಮಳೆಗಾಲ.

ಸಿನಿಮಾ ಪೂರ್ತಿ ನೋಡಿದ ಪುಣ್ಯವಂತರೇ,

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಬೇಸರ ಮಾಡಬೇಡಿ. ನಾನು ಬರೆಯಲು ಕಲಿತದ್ದು ಎಳೆಕೂಟದಲ್ಲಿ. ಒಂದು ವಿಷಯ ಹಿಡಿದು ಊರವರೆಲ್ಲ ಬರೆದು ಬರೆದು ಜಗಳವಾಡುವ ಜಾಗ ಅದು. ನಿಮ್ಮಲ್ಲೂ ಇತ್ತಂತೆ. ನಮ್ಮ ಕೂಟದ ವಿಷಯ ನಿಮ್ಮ ಸಿನಿಮಾಗಳ ಟೈಟಲ್. ನಮಗೆ ಉಳಿದದ್ದೇ ಅಷ್ಟು. ಕಡಲು ಊರೊಳಗೆ ನುಗ್ಗಿದಾಗ, ಸಿನಿಮಾ ಉಗ್ರಾಣದಲ್ಲಿ ಮಾದರಿಗೆಂದು ಮೇಲಿನ ಮಹಡಿಯಲ್ಲಿಟ್ಟಿದ್ದ ಮೊದಲ ತುಣುಕುಗಳು ಬಚಾವಾದವು. ಕತೆಗಳೆಲ್ಲ ಕೆಳಗಿದ್ದವು.

ಆದರೂ ನಮಗೆ ಎಷ್ಟೊಂದು ಗೊತ್ತು! ಗುಂಡು ಅಕ್ಷರಗಳು ಒಂದನ್ನೊಂದು ದೂಡಿಕೊಂಡು ಬಂದರೆ ಕಾಮಿಡಿ. ಬೆಂಕಿಯೊಳಗಿಂದ ಕಬ್ಬಿಣದ ಅಕ್ಷರ ಎದ್ದರೆ ಹೊಡೆದಾಟ. ಕೊಳಲು, ಉದುರುವ ಹೂ, ಓರೆ ಬರಹ ಬಂದರೆ ಪ್ರೀತಿ. ಸಿಗರೇಟು ಸೇದಬೇಡಿ ಎನ್ನುವ ತುಣುಕು ಎಲ್ಲ ಚಿತ್ರಕ್ಕೂ ಮುಂಚೆ ಇರುವುದರಿಂದ, ಅದೆಲ್ಲ ಒಬ್ಬನೇ ನಿರ್ದೇಶಕನ ಸಹಿ ಎಂದು ನಮ್ಮಲ್ಲಿ ಅರ್ಧ ಜನ ಇನ್ನೂ ವಾದಿಸುತ್ತಾರೆ.

ಕಡಲಗೋಡೆ ನೋಡಿಕೊಳ್ಳುವ ಗೋಡೆಕಚೇರಿಯವರೂ ಈ ಹುಚ್ಚನ್ನು ಬಳಸಿಕೊಂಡರು. ಇಲ್ಲಿ ಯಾವ ಪ್ರಕಟಣೆಗೂ ಮುಂಚೆ ಬೀದಿಯ ಪರದೆಯಲ್ಲಿ ಒಂದು ಹಳೆಯ ಟೈಟಲ್ ಹಾಕುತ್ತಾರೆ. ಅದಕ್ಕೆ ಮುಂಪಟ ಎನ್ನುತ್ತೇವೆ. ಅಕ್ಕಿ ಬಂದರೆ ಹಬ್ಬದ್ದು, ಯಾರಾದರೂ ಸತ್ತರೆ ವೀಣೆಯದ್ದು. ಜನ ಮುಂಪಟ ನೋಡಿ ಸುದ್ದಿ ಇಂಥದ್ದೆಂದು ತಿಳಿದುಕೊಳ್ಳುತ್ತಾರೆ. ಮುಂದಿನ ಮಾತು ಕೇಳಲು ಯಾರೂ ನಿಲ್ಲುವುದಿಲ್ಲ. ನನ್ನ ಕೆಲಸ ಆ ಕಚೇರಿಯಲ್ಲಿ ಮುಂಪಟ ಹಾಕುವುದು.

ಹೋದ ಮಳೆಗಾಲ, ನಾನು ಕೆಲಸಕ್ಕೆ ಸೇರುವ ಮೊದಲು, ಬಡಗು ಗೋಡೆ ಬಿರುಕು ಬಿಟ್ಟಿತು. ಜನ ಗಾಬರಿಯಾಗಬಾರದೆಂದು ಕಚೇರಿಯವರು ಕಾಮಿಡಿ ಮುಂಪಟ ಹಾಕಿ, ಆಮೇಲೆ ಮನೆ ಬಿಡಿ ಎಂದರು. ನನ್ನ ಗೆಳತಿ ಶಮೀಮಾ ಆ ಕೇರಿಯವಳು. ಎಳೆಕೂಟದಲ್ಲಿ ಅವಳು ಕೊನೆಗೆ ಬರೆದದ್ದು: "ಇವತ್ತು ಕಾಮಿಡಿ ಮಾರಾಯ್ತಿ! ಚಾ ಇಡ್ತೇನೆ, ನೀನೂ ಬಾ." ಆ ಸಾಲಿನ ಕೆಳಗೆ ನಾವ್ಯಾರೂ ಇವತ್ತಿಗೂ ಏನೂ ಬರೆದಿಲ್ಲ.

ಈಗ ತೆಂಕು ಗೋಡೆ. ಬೆಳಿಗ್ಗೆಯಿಂದ ಕಲ್ಲಿನ ಸಂದಿಯಲ್ಲಿ ನೀರು ಜಿನುಗುತ್ತಿದೆ. ನನ್ನನ್ನು ಸಾಕಿದ ಕಮಲಾಕ್ಷಿ ದೊಡ್ಡಮ್ಮ ಅದರ ಬುಡದಲ್ಲೇ ಇದ್ದಾರೆ. ಬರಲು ಹೇಳಿದರೆ ನಕ್ಕರು. "ಮುಂಪಟ ಬರ್ಲಿ, ಮತ್ತೆ ನೋಡುವ. ಹೂವಿನದ್ದು ಹಾಕಿದ್ರೆ ಮಾತ್ರ ನಾನು ಗಂಜಿ ಬಿಟ್ಟು ಏಳುದಿಲ್ಲ, ಆಯ್ತಾ?"

ನಮ್ಮ ಮೇಲಧಿಕಾರಿ ವಿಠಲ ಗಟ್ಟಿಯವರು ಆರಿಸಿದ್ದು ಹೂವಿನದ್ದನ್ನೇ.

"ಹೂ ಬಿದ್ರೆ ಯಾರು ಹೊರಡ್ತಾರೆ ಸಾರ್? ಇನ್ನೊಂದು ದಿಂಬು ತಂದು ಒರಗ್ತಾರೆ."

"ದೆವ್ವದ್ದು ಹಾಕ್ಲಿಕ್ಕುಂಟಾ ಮತ್ತೆ? ಮೇಲೆ ಹತ್ಲಿಕ್ಕೆ ಇರುದು ಒಂದೇ ಮೆಟ್ಟಿಲ ಸಾಲು. ತುಳಿದಾಡಿ ಸತ್ರೆ ಎತ್ಲಿಕ್ಕೆ ನೀನು ಬರ್ತೀಯಾ?"

ಅವರ ಮಾತೂ ಸುಳ್ಳಲ್ಲ. ಪ್ರಕಟಣೆ ಓದಲು ಅವರು ಪಕ್ಕದ ಕೋಣೆಗೆ ಹೋದರು. ನಾನು ಹೂವಿನದ್ದನ್ನು ತೆಗೆದು ದೆವ್ವದ್ದನ್ನು ಇಟ್ಟಿದ್ದೇನೆ.

ನೀವು ಅದನ್ನು ಖಂಡಿತ ನೋಡಿರುತ್ತೀರಿ. ಕಪ್ಪು ಪರದೆ. ಸಂಗೀತವಿಲ್ಲ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ನಿಧಾನವಾಗಿ ಒಂದು ಮೆಟ್ಟಿಲ ಸಾಲು ಕಾಣಿಸುತ್ತದೆ. ಒಂದೊಂದು ಮೆಟ್ಟಿಲ ಮೇಲೂ ಒಂದು ಹೆಸರು ಬಂದು, ನಡುಗಿ, ಆರಿಹೋಗುತ್ತದೆ. ನಮ್ಮ ಕೂಟದಲ್ಲಿ ಅದನ್ನು ಒಬ್ಬರೇ ಕೂತು ನೋಡಿದವರಿಲ್ಲ. ಅದನ್ನು ನೋಡಿದರೆ ದೊಡ್ಡಮ್ಮ ಗಂಜಿ ಬಿಟ್ಟು ಏಳುತ್ತಾರೆ. ಎಲ್ಲರೂ ಏಳುತ್ತಾರೆ, ಒಟ್ಟಿಗೆ, ನಮ್ಮೂರಿನ ಆ ಒಂದೇ ಮೆಟ್ಟಿಲ ಸಾಲಿಗೆ.

ಅದನ್ನು ಮಾಡಿದವರು ನಿಮ್ಮ ನಡುವೆ ಇದ್ದರೆ ಅವರಿಗೆ ಹೇಳಿ, ಹೆದರಿಸುವ ಟೈಟಲ್ಲನ್ನು ಇಷ್ಟು ಪ್ರಾಮಾಣಿಕವಾಗಿ ಮಾಡಿದ್ದಕ್ಕೆ ಇಲ್ಲೊಬ್ಬಳು ಕೈ ಮುಗಿದಳು ಅಂತ. ಇನ್ನೊಂದು ಬೇಡಿಕೆಯಿದೆ. ನಮ್ಮ ತುಣುಕು ಮೇಲಿನ ಮೆಟ್ಟಿಲು ಕಾಣುವ ಮೊದಲೇ ಮುಗಿದುಹೋಗುತ್ತದೆ. ಮುಂದೆ ಏನಾಯಿತೆಂದು ನೋಡಿದವರು ನೀವು ಮಾತ್ರ. ಆ ಮೆಟ್ಟಿಲಲ್ಲಿದ್ದವರು ಮೇಲೆ ತಲುಪಿದರಾ? ಎಷ್ಟು ಜನ? ಎಲ್ಲಾದರೂ ಬರೆದಿಡಿ, ಮೇಲಿನ ಮಹಡಿಯಲ್ಲಿಡಿ.

ಗಟ್ಟಿಯವರು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ನಾನು ಗುಂಡಿ ಒತ್ತಿದೆ. ಬೀದಿಯ ಪರದೆಗಳೆಲ್ಲ ಕಪ್ಪಾದವು.

ಹರ್ಷಲಾ ಬಂಗೇರ