ಬೂದು ಮರಳಿನ ಬ್ಯಾಂಕ್ಸಿಯಾ

ಮೇ 27, ಬುಧವಾರ

ಮತ್ತೆ ಐದಕ್ಕೇ ಎಚ್ಚರ. ಬುಧವಾರ, ನಮ್ಮ ಮನೆ ನಂಬರಿನವರು ತೋಟಕ್ಕೆ ನೀರು ಬಿಡಬಹುದು ಅಂತ ಸರ್ಕಾರ ಗೊತ್ತುಮಾಡಿದ ದಿನ. ಬಿಡಲು ಲಾನ್ ಎಲ್ಲಿದೆ? ಕಿತ್ತು ಆರು ವಾರವಾಯಿತು. ಆದರೂ ಕಾಲು ತಾನಾಗಿ ನಲ್ಲಿಯ ಹತ್ತಿರ ಹೋಯಿತು. ನಲವತ್ತು ವರ್ಷ ಪರ್ತ್ ತುಂಬಾ ಕಂಡವರ ಲಾನಿಗೆಲ್ಲ ಸ್ಪ್ರಿಂಕ್ಲರ್ ಜೋಡಿಸಿದವನು. ಇನ್ನೇನಾಗುತ್ತದೆ.

ಕೊರಲಿಗೂ ನನಗೂ ಮದುವೆಯಾದಾಗಿನಿಂದ ಇದೇ ಜಗಳ. ನನಗೆ ಹುಲ್ಲು, ಅವಳಿಗೆ ಈ ನೆಲದ ಗಿಡ. ‘ಬೇಸಿಗೆ ಪೂರ್ತಿ ಒಂದು ಹನಿ ಬೀಳದ ಊರಲ್ಲಿ ಇಂಗ್ಲೆಂಡಿನ ಹುಲ್ಲು ಸಾಕ್ತೀಯಲ್ಲ, ನಾಚ್ಕೆ ಆಗಲ್ವಾ ಮರ್ವ್?’ ಅನ್ನುತ್ತಿದ್ದಳು. ಸೋಲಲಿಲ್ಲ ನಾನು. ಫೆಬ್ರವರಿ ಒಂಬತ್ತಕ್ಕೆ ಅವಳೇ ಹೋದಳು. ಆಮೇಲೆ ಲಾನ್ ಕಿತ್ತೆ. ನೀನೇ ಗೆದ್ದೆ ಅಂತ ಈಗ ಯಾರಿಗೆ ಹೇಳುವುದು?

ಅವಳ ಪಟ್ಟಿ ಅಡುಗೆಮನೆಯ ಡ್ರಾಯರಿನಲ್ಲಿ ಸಿಕ್ಕಿತು. ಶಾಲೆ ಮಕ್ಕಳ ನೋಟ್‌ಬುಕ್. ಮೇಲೆ ಬರೆದಿದ್ದಾಳೆ — ‘ಮುಂದಿನ ಅಂಗಳ. ಮರ್ವ್ ಒಪ್ಪಿದರೆ.’

ಮೊದಲನೆಯದು ಬ್ಯಾಂಕ್ಸಿಯಾ ಮರ, ಕಿಟಕಿಯ ನೇರಕ್ಕೆ. ಆಮೇಲೆ ಕಾಂಗರೂ ಪಾ, ಗ್ರೆವಿಲಿಯಾ ಹೂಗಿಡಗಳು, ಇನ್ನೂ ಒಂಬತ್ತು. ಎಲ್ಲದಕ್ಕೂ ಗುರುತು ಹಾಕಿದೆ. ಕೊನೆಯದೊಂದನ್ನು ಮಾತ್ರ ಹೊಡೆದು ಹಾಕಿದೆ — ಸಾಲ್ಟ್‌ಬುಶ್. ಉಪ್ಪುನೆಲದ ಪೊದೆ, ಕುರಿ ಮೇಯುವಂಥದ್ದು. ಮನೆ ಮುಂದೆ ಅದ್ಯಾಕೆ?

ಮೇ 29

ನರ್ಸರಿಗೆ ಹೋಗಿದ್ದೆ. ನೊಲೀನ್ ಇದ್ದಳು. ಇಪ್ಪತ್ತು ವರ್ಷ ಪ್ರತಿ ಶನಿವಾರ ಕೊರಲಿ ಅಲ್ಲಿ ಸಂಬಳವಿಲ್ಲದೆ ದುಡಿದಿದ್ದು ಅವಳ ಜೊತೆಗೆ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಅಂತ ಇಬ್ಬರನ್ನೂ ಆಡಿಕೊಳ್ಳುತ್ತಿದ್ದೆ. ಇವತ್ತು ನೊಲೀನ್ ಅದನ್ನು ನೆನಪಿಸಲಿಲ್ಲ. ಒಳ್ಳೆಯವಳು.

ಮೊಣಕಾಲೆತ್ತರದ ಬ್ಯಾಂಕ್ಸಿಯಾ ಆರಿಸಿ ಕೊಟ್ಟಳು.

“ಗೊಬ್ಬರ ಹಾಕ್ಬೇಡ.”

“ಸರಿ.”

“ಕಾಂಪೋಸ್ಟೂ ಬೇಡ. ನಿನ್ ಬುದ್ಧಿ ನಂಗೊತ್ತು. ಲಾನಿಗೆ ಸುರಿದ ಹಾಗೆ ಸುರೀತೀಯ.”

“ಇಲ್ಲ ಅಂದ್ನಲ್ಲ.”

“ಇದು ಹಸಿದ ಮರಳಲ್ಲಿ ಹುಟ್ಟಿದ್ದು ಮಾರಾಯ. ಉಪವಾಸ ಇದ್ರೇನೇ ಇದಕ್ಕೆ ಆರೋಗ್ಯ.”

ಬುಡದಲ್ಲಿ ಏನು ಇಡಲಿದ್ದೇನೆ ಅಂತ ಹೇಳಲಿಲ್ಲ. ಅದು ನನ್ನ, ಕೊರಲಿಯ ಮಾತು.

ಮೇ 31, ಸಂಜೆ

ನೆಟ್ಟೆ.

ಬೆಳಿಗ್ಗೆ ಒಳ್ಳೆ ಮಳೆ. ವರ್ಷದ ಮೊದಲ ನಿಜವಾದ ಮಳೆ. ನೆಡುವವನು ಇಂಥ ದಿನವನ್ನು ಬಿಡಬಾರದು. ಗುಂಡಿ ತೋಡಿ, ಪೆಟ್ಟಿಗೆ ತೆರೆದು, ಅವಳನ್ನು ಸುರಿದೆ. ಎರಡೂವರೆ ಕಿಲೋ. ಬೂದಿಯೂ ಬೂದುಬಣ್ಣ, ಇಲ್ಲಿನ ಮರಳೂ ಬೂದುಬಣ್ಣ. ಎರಡು ಸಲ ಸಲಿಕೆ ಆಡಿಸುವಷ್ಟರಲ್ಲಿ ಯಾವುದು ಯಾವುದೆಂದು ತಿಳಿಯಲಿಲ್ಲ. ಅವಳು ಬಯಸಿದ್ದೂ ಅದೇ ಇರಬೇಕು ಅಂದುಕೊಂಡೆ. ಮೇಲೆ ಗಿಡ ಕೂರಿಸಿದೆ. ಅತ್ತೆ.

ಆಮೇಲೆ ಮಗಳು ಬ್ರಾನ್‌ಗೆ ಫೋನ್ ಮಾಡಿದೆ. ದೂರದ ಆಲ್ಬನಿಯಲ್ಲಿ ಆಸ್ಪತ್ರೆ ಕೆಲಸ, ರಜೆ ಸಿಗುವುದು ಕಷ್ಟ.

“ಹದಿನೈದು ದಿನ ಬಿಟ್ಟು ಬರ್ತೀನಿ ಅಂದಿದ್ನಲ್ಲ ಅಪ್ಪ.”

“ಮಳೆ ಬಂತು ಕಣೆ. ಗಿಡ ಕಾಯಲ್ಲ.”

“ಎಲ್ಲಾ ಹಾಕ್ಬಿಟ್ಯಾ? ನಂಗೆ ಒಂಚೂರೂ ಇಡ್ಲಿಲ್ವಾ?”

“ವರ್ಷದ ದಿನಕ್ಕೆ ಬಾ. ಮರ ನೋಡು. ಅಮ್ಮ ಅಲ್ಲೇ ಇರ್ತಾಳೆ,” ಅಂದೆ. ಆಮೇಲೆ “ಸರಿ” ಅಂದಳು.

ಜುಲೈ 19

ಹೊಸ ಎಲೆ ನಾಲ್ಕು. ಚಳಿಗಾಲಕ್ಕೆ ಎಲ್ಲರ ಸ್ಪ್ರಿಂಕ್ಲರನ್ನೂ ಸರ್ಕಾರದವರು ಬಂದ್ ಮಾಡಿಸಿದ್ದಾರೆ, ಆದರೆ ಮಳೆ ಸಾಕಷ್ಟಿದೆ. ಗಿಡದ ಪಕ್ಕ ನಿಂತು ಫೋಟೊ ತೆಗೆಸಿಕೊಂಡೆ. ತೆಗೆದವನು ಪಕ್ಕದ ಮನೆಯ ರೆನ್ಸೊ. ಬ್ರಾನ್‌ಗೆ ಕಳಿಸಿದೆ. ಹೃದಯದ ಚಿತ್ರ ಬಂತು.

ಬೆಳಿಗ್ಗೆ ಕಾಫಿ ಹಿಡಿದು ಅದರ ಹತ್ತಿರ ನಿಲ್ಲುತ್ತೇನೆ. ಮಾತಾಡುವುದಿಲ್ಲ. ಇವತ್ತು ಗಾಳಿ ಯಾವ ಕಡೆಯದು ಅಂತ ಹೇಳುತ್ತೇನೆ, ಅಷ್ಟೆ.

ಆಗಸ್ಟ್ 24

ತುದಿ ಎಲೆ ಹಳದಿ. ಚಳಿಗೆ ಇರಬಹುದು.

ಆಗಸ್ಟ್ 30

ಚಳಿಗಲ್ಲ. ಎಲೆಯ ಅಂಚು ಸುಟ್ಟ ಹಾಗಿದೆ. ನೀರು ಸಾಲದೇ? ಎರಡು ಬಕೆಟ್ ಹಾಕಿದೆ. ಸಂಜೆ ಇನ್ನೆರಡು. ಪಟ್ಟಿ ನೋಡಿ ನೆಟ್ಟ ಉಳಿದವೆಲ್ಲ ಚೆನ್ನಾಗಿವೆ. ಕಾಂಗರೂ ಪಾ ಮೊಗ್ಗಿಗೆ ಬಂದಿದೆ. ಇದೊಂದೇ. ಎಲ್ಲ ಬಿಟ್ಟು ಇದೇ ಯಾಕೆ?

ಸೆಪ್ಟೆಂಬರ್ 6

ನೊಲೀನ್‌ಳನ್ನು ಕರೆಸಿದೆ. ಕೂತು ಎಲೆ ತಿರುಗಿಸಿ ನೋಡಿದಳು.

“ಯಾರೋ ಇದಕ್ಕೆ ಊಟ ಹಾಕಿದಾರೆ.”

“ಊಟ?”

“ಫಾಸ್ಫೇಟು, ಗೊಬ್ಬರದಲ್ಲಿರುತ್ತಲ್ಲ. ಸಿಕ್ಕಿದ್ದನ್ನೆಲ್ಲ ಎಳ್ಕೊಳ್ತವೆ ಈ ಬೇರುಗಳು. ಸಾಕು ಅನ್ನೋದು ಗೊತ್ತಿಲ್ಲ. ಎಳ್ಕೊಂಡೇ ಸಾಯ್ತವೆ. ಏನ್ ಹಾಕ್ದೆ ನಿಜ ಹೇಳು.”

“ಏನೂ ಹಾಕ್ಲಿಲ್ಲ. ಕೊರಲಿ ಆಣೆ.”

ಅವಳು ಬೇಲಿಯಾಚೆ ನೋಡಿದಳು. ನಾನೂ ನೋಡಿದೆ. ರೆನ್ಸೊ ಕೋಳಿಗೊಬ್ಬರದ ಚೀಲ ಒಟ್ಟಿದ್ದಾನೆ, ಟೊಮೇಟೊಗೆ. ಏಳು ಚೀಲ.

ಸೆಪ್ಟೆಂಬರ್ 7

ರೆನ್ಸೊ ಜೊತೆ ಜಗಳ. ದೊಡ್ಡದೇ. ರಸ್ತೆಯವರೆಲ್ಲ ಕೇಳಿರಬೇಕು.

“ನನ್ ಗಿಡಕ್ಕೆ ಗೊಬ್ಬರ ಎಸ್ದಿದೀಯ ನೀನು!”

“ನನ್ನಮ್ಮನಾಣೆ ಇಲ್ಲ. ನನ್ ಗೊಬ್ಬರ ನನ್ ಟೊಮೇಟೊಗೇ ಸಾಲಲ್ಲ. ನಿನ್ ಮುಳ್ಳುಕಡ್ಡಿಗೆ ಯಾಕ್ ಹಾಕ್ಲಿ?”

“ಮುಳ್ಳುಕಡ್ಡಿ ಅಂತೀಯಾ? ಅದು ಯಾರು ಗೊತ್ತಾ ನಿಂಗೆ?”

ಬಾಯಿಗೆ ಬಂದುಬಿಟ್ಟಿತು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಸೆಪ್ಟೆಂಬರ್ 9

ಶೆಡ್ಡಿನಲ್ಲಿ ಹಳೆಯ ಗೊಬ್ಬರದ ಚೀಲಗಳನ್ನು ಹೊರಗೆ ಹಾಕುತ್ತಿದ್ದೆ, ಲಾನ್ ಕಾಲದವು. ಒಂದರ ಮೇಲೆ ದೊಡ್ಡ ಅಕ್ಷರ. ಸಾವಿರ ಸಲ ಓದಿದ್ದೇನೆ. ರಕ್ತ ಮತ್ತು ಮೂಳೆ. ಕೆಳಗೆ ಚಿಕ್ಕದಾಗಿ — ಫಾಸ್ಫೇಟು ಯಥೇಚ್ಛ.

ಮೂಳೆ.

ಎರಡೂವರೆ ಕಿಲೋ.

ಸೆಪ್ಟೆಂಬರ್ 30

ಇಷ್ಟು ದಿನ ಬರೆಯಲಾಗಲಿಲ್ಲ.

ಒಂಬತ್ತರಂದೇ ಅಗೆದೆ. ಬೇರಿನ ಸುತ್ತ, ಕೈಯಲ್ಲಿ. ಬೂದಿಯೆಂದರೆ ಸುಟ್ಟ ಮೂಳೆಯೇ, ತೆಗೆದು ಬೇರೆ ಕಡೆ ಇಡೋಣ ಅಂತ. ಹಿಡಿಯಲ್ಲಿ ಬರುವುದು ಬೂದು ಪುಡಿ. ಅದು ಅವಳೋ ಮರಳೋ ನನಗೇನು ಗೊತ್ತು? ಮಳೆ ಬೇರೆ ಮೂರು ತಿಂಗಳು ಇಳಿಸಿದೆ. ಸಂಜೆವರೆಗೂ ಗುಂಡಿಯ ಪಕ್ಕ ಕೂತಿದ್ದು ಎಲ್ಲ ಹಾಗೇ ವಾಪಸ್ ಮುಚ್ಚಿದೆ. ಅತ್ತಿದ್ದು ಅವಳು ಸತ್ತ ದಿನಕ್ಕಿಂತ ಹೆಚ್ಚು.

ಇವತ್ತು ನೊಲೀನ್‌ಗೆ ಹೇಳಿದೆ. ಕುಂಡಗಳ ಮಧ್ಯೆ ಸ್ಟೂಲ್ ಎಳೆದು ಕೂತುಬಿಟ್ಟಳು.

“ಎಷ್ಟು ಹಾಕ್ದೆ?”

“ಪೂರ್ತಿ.”

“ಅಯ್ಯೋ ಮರ್ವ್.”

“ಅವಳೇ ಆರಿಸಿದ ಗಿಡ ನೊಲೀನ್. ಅವಳಿಂದಾನೇ ಸಾಯ್ತಿದೆ.”

“ಅವಳಿಂದಲ್ಲ. ಪ್ರೀತಿ ಜಾಸ್ತಿಯಾಯ್ತು ಅಷ್ಟೆ. ಅತಿಯಾದ್ರೆ ಅಮೃತವೂ ವಿಷ. ಇಂಥದ್ದು ಮಾಡಿದವ್ನು ನೀನೊಬ್ನೇ ಅಲ್ಲ. ವರ್ಷಕ್ಕೊಬ್ರು ಬಂದು ಇದೇ ಕೌಂಟರ್ ಮುಂದೆ ಅಳ್ತಾರೆ. ನಾನು ಕೇಳ್ಬೇಕಿತ್ತು ನಿನ್ನ.”

“ಉಳಿಯುತ್ತಾ?”

ಅವಳು ನನ್ನ ಕೈ ಹಿಡಿದಳು. ಉತ್ತರ ಅದರಲ್ಲೇ ಇತ್ತು.

ಅಕ್ಟೋಬರ್ 18

ಸತ್ತಿದೆ. ಚಿಗುರು ಮುಟ್ಟಿದರೆ ಪುಡಿಯಾಗುತ್ತದೆ.

ರಾತ್ರಿ ಊಟದ ಹೊತ್ತಿಗೆ ಬ್ರಾನ್ ಫೋನ್. “ಮರ ಹೇಗಿದೆ ಅಪ್ಪ? ಫೋಟೊ ಕಳ್ಸು.” ಕಳಿಸುತ್ತೇನೆ ಅಂದೆ. ಜುಲೈಯಲ್ಲಿ ತೆಗೆದದ್ದರಲ್ಲಿ ಇನ್ನೊಂದಿತ್ತು, ಕಳಿಸಿರದಿದ್ದದ್ದು. ಅದನ್ನೇ ಕಳಿಸಿದೆ.

ಎಪ್ಪತ್ತೊಂದು ವರ್ಷ. ಮಗಳಿಗೆ ಸುಳ್ಳು.

ಅಕ್ಟೋಬರ್ 25

ರೆನ್ಸೊ ಬಾಗಿಲಿಗೆ ಹೋದೆ. ತಪ್ಪಾಯಿತು ಅಂದೆ, ವಿಷಯ ಹೇಳಿದೆ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

“ಮೂವತ್ತು ವರ್ಷ ನಿನ್ ಲಾನಿನ್ ನೀರು ಬೇಲಿ ಕೆಳಗಿಂದ ನನ್ ಟೊಮೇಟೊಗೆ ಹರೀತು. ಒಂದಿನಾನೂ ನಿಂಗೆ ಹೇಳ್ಲಿಲ್ಲ ನಾನು. ಅವಳಿಗೆ ಗೊತ್ತಿತ್ತು. ನೋಡಿ ನಗ್ತಿದ್ಲು.”

ಕೊರಲಿಯ ಬಗ್ಗೆ ನನಗೆ ಗೊತ್ತಿಲ್ಲದ್ದೂ ಇದೆ. ಕೇಳಿ ಸಂತೋಷವಾಯಿತು. ಹೊಟ್ಟೆಯೂ ಉರಿಯಿತು.

ಜನವರಿ 16

ಊರಾಚೆಯ ಬೇರೆ ನರ್ಸರಿಗೆ ಹೋದೆ, ನೊಲೀನ್‌ಗೆ ತಿಳಿಯಬಾರದು ಅಂತ. ಅದೇ ಜಾತಿಯ ಬ್ಯಾಂಕ್ಸಿಯಾ ತಂದೆ. ಸೊಂಟದೆತ್ತರ. ಬದುಕಿದ್ದರೆ ಇಷ್ಟೊತ್ತಿಗೆ ಅದೂ ಇಷ್ಟಿರುತ್ತಿತ್ತು. ಶೆಡ್ಡಿನ ಹಿಂದೆ ನೆರಳಿನಲ್ಲಿ ಇಟ್ಟಿದ್ದೇನೆ. ಫೆಬ್ರವರಿ ಎಂಟಕ್ಕೆ ನೆಟ್ಟರೆ ಒಂಬತ್ತಕ್ಕೆ ಹಸಿರಾಗಿರುತ್ತದೆ. ಬ್ರಾನ್ ಇಲ್ಲಿರುವ ಎರಡು ದಿನ ಹಸಿರಾಗಿದ್ದರೆ ಸಾಕು.

ಫೆಬ್ರವರಿ 8, ಬೆಳಿಗ್ಗೆ ಆರೂವರೆ

ಒಣಗಿದ್ದನ್ನು ಕಿತ್ತೆ. ಬೆರಳಲ್ಲೇ ಬಂತು. ಗುಂಡಿ ತೋಡಿದೆ. ಹೊಸದನ್ನು ತಂದು ಅಂಚಿನಲ್ಲಿ ಇಟ್ಟೆ.

ಇಳಿಸಲು ಆಗಲಿಲ್ಲ. ಇದು ಸಾಯುತ್ತದೆ ಅಂತ ಗೊತ್ತಿದ್ದೂ ಇಳಿಸಬೇಕು. ಅವಳ ಮೇಲೆ ಇನ್ನೊಂದು ಗಿಡ ಸಾಯಿಸಿ, ಅದನ್ನು ತೋರಿಸಿ, ಇದೇ ನಿನ್ನ ಅಮ್ಮ ಅಂತ ಮಗಳಿಗೆ ಹೇಳಬೇಕು. ಇದು ಕೊರಲಿಗೆ ತಿಳಿದರೆ? ತಿಳಿಯುವುದಿಲ್ಲ. ಅದಕ್ಕೇ ಇನ್ನೂ ಕಷ್ಟ.

ವಾಪಸ್ ಶೆಡ್ಡಿನ ಹಿಂದೆ ಇಟ್ಟೆ. ನಲವತ್ತೊಂದು ಡಿಗ್ರಿ ಅಂತೆ ಇವತ್ತು.

ಫೆಬ್ರವರಿ 9, ಮಧ್ಯಾಹ್ನ

ಬ್ರಾನ್ ಹತ್ತಕ್ಕೆ ಬಂದಳು. ಕಾರಿನಿಂದ ಇಳಿದು ನೇರ ಕಿಟಕಿಯ ಮುಂದೆ. ಬರೀ ಮರಳು. ನಾನು ಹಿಂದೆ ನಿಂತಿದ್ದೆ.

ಎಲ್ಲ ಹೇಳಿದೆ. ಮೂಳೆ, ಫಾಸ್ಫೇಟು, ಕೈಯಲ್ಲಿ ಅಗೆದದ್ದು, ಶೆಡ್ಡಿನ ಹಿಂದಿನ ಗಿಡವನ್ನೂ.

“ಅಕ್ಟೋಬರ್ ಫೋಟೊ ಜುಲೈದು ಅಂತ ಗೊತ್ತಿತ್ತು,” ಅಂದಳು. “ಉಣ್ಣೆ ಟೋಪಿ ಹಾಕ್ಕೊಂಡಿದ್ದೆ ನೀನು. ಆವತ್ತು ಇಲ್ಲಿ ಮೂವತ್ತು ಡಿಗ್ರಿ.”

“ಮತ್ತೆ ಯಾಕ್ ಕೇಳ್ಲಿಲ್ಲ?”

“ನೀನಾಗೇ ಹೇಳ್ಲಿ ಅಂತ.”

ಆಮೇಲೆ ತಿರುಗಿದಳು. ಮುಖ ಥೇಟ್ ಅವಳ ಅಮ್ಮನದು, ಲಾನಿನ ಜಗಳದ ಹೊತ್ತಿನದು.

“ಮರ ಸತ್ತಿದ್ದಕ್ಕೆ ಕೋಪ ಇಲ್ಲ ಅಪ್ಪ. ನೀನು ಕಾಯ್ಲಿಲ್ಲ. ಹದಿನೈದು ದಿನ! ನಂಗೂ ಅಮ್ಮ ಅಲ್ವಾ ಅವಳು?”

ಮಳೆ ಬಂದಿತ್ತು ಅನ್ನಬಹುದಿತ್ತು. ಮಳೆ ಜೂನಿನಲ್ಲೂ ಬಂತು, ಜುಲೈಯಲ್ಲೂ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊರಲಿಯನ್ನು ಒಬ್ಬನೇ ಇಟ್ಟುಕೊಳ್ಳಬೇಕು ಅಂತ ಇತ್ತು ನನಗೆ. ಅದು ನಿಜ. ಹೇಳಿದೆ ಅದನ್ನೂ.

ಬ್ರಾನ್ ಒಳಗೆ ಹೋಗಿ ಖಾಲಿ ಜಾಮ್ ಬಾಟಲಿ ತಂದಳು. ಬಗ್ಗಿ ಗುಂಡಿಯಿಂದ ಎರಡು ಹಿಡಿ ತುಂಬಿದಳು.

“ಅದ್ರಲ್ಲಿ ಅಮ್ಮ ಯಾವ್ದು ಮರಳು ಯಾವ್ದು ಗೊತ್ತಾಗಲ್ಲ ಕಣೆ,” ಅಂದೆ.

“ಎರಡೂ ಇರ್ಲಿ.”

ಫೆಬ್ರವರಿ 10

ಹೊರಡುವ ಮುಂಚೆ ಬ್ರಾನ್ ಪಟ್ಟಿ ಕೇಳಿದಳು. ಪೂರ್ತಿ ಓದಿದಳು. ನಾನು ಹೊಡೆದು ಹಾಕಿದ ಸಾಲಿನಲ್ಲಿ ಬೆರಳಿಟ್ಟು ನಿಂತಳು.

“ಇದನ್ಯಾಕೆ ಹೊಡ್ದೆ?”

“ಕುರಿ ತಿನ್ನೋ ಪೊದೆ.”

“ಪಕ್ಕದಲ್ಲಿ ಬರ್ದಿರೋದು ಓದಿದ್ಯಾ?”

ಓದಿರಲಿಲ್ಲ. ಪೆನ್ಸಿಲಿನ ಗೆರೆ ಅದರ ಮೇಲೇ ಎಳೆದಿದ್ದೆ. ಕನ್ನಡಕ ಹಾಕಿ ಓದಿದೆ. ಕೊರಲಿಯ ಚಿಕ್ಕ ಅಕ್ಷರ — ‘ಸಾಲ್ಟ್‌ಬುಶ್. ಉಪ್ಪು, ಸುಣ್ಣ, ಮರ್ವ್ ಸುರಿದ ಗೊಬ್ಬರ, ಏನಿದ್ದರೂ ತಡೆಯುತ್ತದೆ. ಬೇರೆ ಯಾವುದೂ ಬದುಕದ ಜಾಗಕ್ಕೆ.’

ಬ್ರಾನ್ ನಕ್ಕಳು. ನಗುತ್ತಲೇ ಅತ್ತಳು. “ಮೇನಲ್ಲಿ ರಜೆ ಹಾಕ್ತೀನಿ. ನಾನ್ ಬರೋವರೆಗೂ ಒಂದು ಗುಂಡಿನೂ ತೋಡ್ಬೇಡ,” ಅಂದಳು. ಆಯಿತು ಅಂದೆ.

ಫೆಬ್ರವರಿ 20

ಶೆಡ್ಡಿನ ಹಿಂದಿದ್ದ ಬ್ಯಾಂಕ್ಸಿಯಾ ನೊಲೀನ್‌ಗೆ ಕೊಟ್ಟೆ. ಎಲ್ಲಿಂದ ತಂದೆ ಅಂತ ಕೇಳಲಿಲ್ಲ. ಕುಂಡದ ಮೇಲಿನ ಬೇರೆ ನರ್ಸರಿಯ ಚೀಟಿ ನೋಡಿ ಹುಬ್ಬು ಹಾರಿಸಿದಳು, ಅಷ್ಟೆ. ಮಳೆ ಹಿಡಿದ ಮೇಲೆ ನರ್ಸರಿಯ ಗೇಟಿನ ಹತ್ತಿರ ನೆಡುತ್ತಾಳಂತೆ, ಹಸಿದ ಮರಳಿನಲ್ಲಿ.

ಮೇ 14

ಸಾಲ್ಟ್‌ಬುಶ್ ತಂದೆ. ಒಂದು ಅಡಿ. ಬೆಳ್ಳಿ ಬಣ್ಣದ ಎಲೆ. ಚೆಂದವೇ ಇದೆ, ಒಪ್ಪುತ್ತೇನೆ. ಬ್ರಾನ್ ಇಪ್ಪತ್ತೆರಡಕ್ಕೆ.

ಮೇ 19

ಮಳೆ. ಮೊದಲನೆಯದು. ಮಧ್ಯಾಹ್ನವೆಲ್ಲ ಸುರಿಯಿತು. ನೆಲ ನೆನೆದು ನಿಂತಿದೆ. ರೆನ್ಸೊ ಬೇಲಿ ಮೇಲಿಂದ ಕೂಗಿದ, “ಇವತ್ತೇ ನೆಡು ಮಾರಾಯ, ಇಂಥ ದಿನ ಸಿಗಲ್ಲ!” ಕೈ ತುರಿಸಿತು. ಶೆಡ್ಡಿಗೆ ಬೀಗ ಹಾಕಿ ಕೀಲಿ ಅವನ ಕೈಗೇ ಕೊಟ್ಟೆ. ಇಪ್ಪತ್ತೆರಡರವರೆಗೆ ಕೊಡಬೇಡ ಅಂದೆ.

ಮೇ 22, ಬೆಳಿಗ್ಗೆ

ಕೀಲಿ ತಂದೆ. ಎರಡು ಸಲಿಕೆ ತೊಳೆದು ಗೋಡೆಗೆ ಒರಗಿಸಿದ್ದೇನೆ. ಮಳೆ ನಿಂತು ಮೂರು ದಿನ. ಮೇಲಿನ ಮರಳು ಒಣಗಿದೆ, ಒಳಗೆ ತೇವ ಇರಬಹುದು. ಬೆರಳು ಹಾಕಿ ನೋಡಲೂ ಇಲ್ಲ.

ನಾಲ್ಕು ಗಂಟೆ

ನಾಲ್ಕಕ್ಕೆ ಬರುತ್ತೇನೆ ಅಂದಿದ್ದಳು. ಗುಂಡಿ ತೋಡಿಲ್ಲ ಕೊರಲಿ. ನೋಡು, ತೋಡಿಲ್ಲ.

ನಾಲ್ಕೂ ಮುಕ್ಕಾಲು

ಬೆಳಕು ಹೋಗುತ್ತಿದೆ. ಇವತ್ತಾಗದಿದ್ದರೆ ನಾಳೆ. ನಾಳೆ ಇಲ್ಲದಿದ್ದರೆ ನಾಡಿದ್ದು. ಕೂತಿರುತ್ತೇನೆ. ಗಾಳಿ ಪಡುವಣದ್ದು, ಮತ್ತೆ ಮೋಡ —

ಕಾರು. ಅವಳೇ. ಕೈಯಲ್ಲಿ ಆ ಜಾಮ್ ಬಾಟಲಿ ಹಿಡಿದುಕೊಂಡೇ ಇಳಿಯುತ್ತಿದ್ದಾಳೆ.